ನಾಲ್ಕು ಸಾವಿರದ ನೂರ ಹದಿನೆಂಟು

ಲಕ್ಕೂರಿನಿಂದ ಮಾಲೂರಿಗೆ ಸೈಕಲ್ ತುಳಿದುಕೊಂಡು ಬಂದು, ಬೆಳಿಗ್ಗೆ ಏಳಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಹೆಂಚಿನ ಕಾರ್ಖಾನೆಯ ಗೇಟಿನಲ್ಲಿ ಕಾಲೂರುತ್ತಿದ್ದ ಕೋದಂಡರಾಮಪ್ಪನನ್ನು ನಾವೆಲ್ಲ ಕೋದಂಡಣ್ಣ ಎನ್ನುತ್ತಿದ್ದೆವು. ಅವನು ಒಂದನೇ ಪ್ರೆಸ್ಸಿನ ಮೇಸ್ತ್ರಿ. ಹೆಂಚು ಒತ್ತುವ ಯಂತ್ರದ ದೊಡ್ಡ ಚಕ್ರವನ್ನು ಎಳೆದೂ ಎಳೆದೂ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಇಳಿದುಹೋಗಿತ್ತು. ಅಂಗಿ ಹೊಲಿಸಲು ಹೋದಾಗಲೆಲ್ಲ ದರ್ಜಿ ತನ್ನನ್ನು ಬೈಯುತ್ತಾನೆ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಮುಂದೆ ಹೇಳುವ ಒಂದು ದಿನ ಬಿಟ್ಟರೆ ಅವನು ರಜೆ ಹಾಕಿದ್ದನ್ನು ನಾನು ಕಂಡಿದ್ದು ಎರಡೇ ಸಲ. ಒಂದು ತಾಯಿ ಸತ್ತಾಗ, ಇನ್ನೊಂದು ಟೈಫಾಯಿಡ್ ಬಂದಾಗ.

ನಾನು ಮುಳಬಾಗಿಲಿನವನು, ಹೆಸರು ಕದಿರೇಶ. 1974ರಲ್ಲಿ ಆ ಕಾರ್ಖಾನೆಯ ಆಫೀಸಿಗೆ ಟೈಪಿಸ್ಟಾಗಿ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ, ಕೋದಂಡಣ್ಣನಿಗೆ ನಲವತ್ತರ ಹತ್ತಿರ. ಟೈಪು ಮಾಡುವವನೆಂದರೆ ಏನೋ ದೊಡ್ಡ ವಿದ್ಯೆ ಕಲಿತವನು ಎಂಬ ಮರ್ಯಾದೆ ಅವನಿಗೆ. ತನಗಿಂತ ಅಷ್ಟು ಚಿಕ್ಕವನಾದ ನನ್ನನ್ನು ಸಾರ್ ಎಂದೇ ಕರೆಯುತ್ತಿದ್ದ. ಬೇಡ ಎಂದರೂ ಕೇಳುತ್ತಿರಲಿಲ್ಲ. ನಾನು ಮುಂಗೋಪಿ, ಒಂದಕ್ಕೆ ಎರಡು ಸೇರಿಸಿ ಮಾತಾಡುವವನು. ಅವನ ಎದುರು ಮಾತ್ರ ನನ್ನ ನಾಲಿಗೆ ಹದಕ್ಕೆ ಬರುತ್ತಿತ್ತು.

ಹೆಂಚು ಒತ್ತುವುದೇನು ಮಹಾ ಎನ್ನುವವರಿದ್ದಾರೆ. ಒಂದು ದಿನ ಬಂದು ನೋಡಬೇಕಿತ್ತು ಅವರು. ಕೆರೆಯ ಜೇಡಿಮಣ್ಣನ್ನು ಅರೆದು, ಒದ್ದೆ ಗೋಣಿ ಹೊದಿಸಿ ಒಂದು ದಿನ ಬಿಡಬೇಕು. ಆಮೇಲೆ ಅದನ್ನು ಹಲಗೆಯ ಹಾಗೆ ಕತ್ತರಿಸಿ, ಎಣ್ಣೆ ಸವರಿ, ಅಚ್ಚಿನ ಮೇಲಿಟ್ಟು, ಚಕ್ರ ಎಳೆದು ಒತ್ತಬೇಕು. ಅಂಚು ಕೆರೆದು, ಒಣಗಲು ಅಟ್ಟಕ್ಕೆ ಹೊರಬೇಕು. ಒಣಗಿದ ಮೇಲೆ ಗೂಡಿನಲ್ಲಿ ಸುಡಬೇಕು. ಕೋದಂಡಣ್ಣ ಒಂದು ಹೆಂಚಿಗೆ ಎರಡು ಒತ್ತು ಕೊಡುತ್ತಿದ್ದ, ಮೊದಲು ಹಗುರಾಗಿ ಒಂದು, ಹಿಂದೆಯೇ ಪೂರ್ತಿ ಇನ್ನೊಂದು.

"ಒಂದೇ ಸಲಕ್ಕೆ ಒತ್ತಿಬಿಟ್ರೆ ಮಣ್ಣೊಳಗೆ ಗಾಳಿ ಸಿಕ್ಕಾಕೊಂಡಿರ್ತದೆ ಸಾರ್. ಈಗ ಕಾಣಾಕಿಲ್ಲ. ಬೆಂಕಿಗೆ ಹೋದ್ಮೇಲೆ ಸೀಳ್ಕೊಂತದೆ" ಎಂದು ನನಗೆ ಹೇಳಿಕೊಟ್ಟಿದ್ದ.

ಹೀಗೆ ಮಾಡಿದರೆ ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ, ನಡುವೆ ಊಟದ ಒಂದು ಗಂಟೆ ಬಿಟ್ಟು, ಒಂದು ಪ್ರೆಸ್ಸಿನಿಂದ ಎರಡು ಸಾವಿರದ ಆರುನೂರು ಹೆಂಚು ಬರುತ್ತಿತ್ತು. ಹತ್ತು ಹೆಚ್ಚು, ಹತ್ತು ಕಡಿಮೆ. ಸುಟ್ಟ ಮೇಲೆ ನೂರಕ್ಕೆ ಆರು ಒಡೆದಿರುತ್ತಿದ್ದವು. ಅಷ್ಟು ಒಡೆಯದ ಕಾರ್ಖಾನೆ ಇಲ್ಲ.

ಎರಡನೇ ಪ್ರೆಸ್ಸಿನ ಮೇಸ್ತ್ರಿ ಆಂಜಿನಪ್ಪ. ಕೋದಂಡಣ್ಣನ ಹೆಂಡತಿ ರಾಮಲಕ್ಷ್ಮಮ್ಮನ ಒಡಹುಟ್ಟಿದ ತಮ್ಮ. ತಂದೆತಾಯಿ ಇಲ್ಲದ ಹುಡುಗನನ್ನು ಅಕ್ಕ ಭಾವ ಇಬ್ಬರೂ ಸಾಕಿದ್ದರು. ಚಕ್ರ ಹಿಡಿಯುವುದನ್ನು ಕಲಿಸಿದವನು ಕೋದಂಡಣ್ಣ, ಯಜಮಾನರ ಕಾಲು ಹಿಡಿದು ಎರಡನೇ ಪ್ರೆಸ್ಸು ಕೊಡಿಸಿದವನೂ ಅವನೇ. ಮುನಿಯಲ್ಲಮ್ಮನನ್ನು ತಂದು ಮದುವೆ ಮಾಡಿದ್ದೂ ಅವನೇ. ಆಕೆ ಅದೇ ಪ್ರೆಸ್ಸಿನಿಂದ ಹಸಿ ಹೆಂಚು ಹೊತ್ತು ಅಟ್ಟಕ್ಕೆ ಏರಿಸುತ್ತಿದ್ದಳು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಕೋದಂಡಣ್ಣನಿಗೆ ಮಕ್ಕಳಿರಲಿಲ್ಲ. ಹಾಗಾಗಿ ಆ ಮಕ್ಕಳು ಊಟ ಮಾಡುತ್ತಿದ್ದದ್ದು ಒಂದು ಮನೆಯಲ್ಲಿ, ಮಲಗುತ್ತಿದ್ದದ್ದು ಇನ್ನೊಂದು ಮನೆಯಲ್ಲಿ.

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಆಯುಧಪೂಜೆಯ ಹಿಂದಿನ ದಿನ ಎರಡನೇ ಪ್ರೆಸ್ಸನ್ನು ನಿಲ್ಲಿಸಿ, ತೊಳೆದು, ಬಣ್ಣ ಬಳಿದು ಸಿದ್ಧಮಾಡಿ ಇಡುತ್ತಿದ್ದರು. ಆ ದಿನ ಎರಡೂ ಪ್ರೆಸ್ಸಿನವರು ಸೇರಿ ಒಂದನೇ ಪ್ರೆಸ್ಸನ್ನು ಓಡಿಸಬೇಕು. ಒಬ್ಬರು ದಣಿದರೆ ಇನ್ನೊಬ್ಬರು ಚಕ್ರಕ್ಕೆ ಬರುತ್ತಿದ್ದರು. ಊಟಕ್ಕೆ ಅರ್ಧ ಜನ ಹೋದರೆ ಉಳಿದರ್ಧ ಒತ್ತುತ್ತಿದ್ದರು. ಪ್ರೆಸ್ಸು ಒಂದು ಉಸಿರೂ ನಿಲ್ಲಬಾರದು. ಎರಡೂ ಕಡೆಯ ಹದವಾದ ಮಣ್ಣನ್ನು ಅದಕ್ಕೆಂದೇ ಎತ್ತಿಟ್ಟಿರುತ್ತಿದ್ದರು. ಸಂಜೆ ಎಷ್ಟಾಯಿತೋ ಅದನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯುವುದು, ಹೋದ ವರ್ಷದ್ದಕ್ಕಿಂತ ಒಂದಾದರೂ ಹೆಚ್ಚಿರಬೇಕು ಎಂದು ಹಟ. ಯಜಮಾನರು ಎಲ್ಲರಿಗೂ ಒಂದೊಂದು ಪಂಚೆ, ಸೀರೆ, ಕಾಲು ಕಿಲೋ ಬೂಂದಿ ಕೊಡುತ್ತಿದ್ದರು. 1977ರ ಆಯುಧಪೂಜೆಗೆ ಗೋಡೆಯ ಮೇಲೆ ಬಿದ್ದ ಸಂಖ್ಯೆ ನಾಲ್ಕು ಸಾವಿರದ ನೂರ ಹದಿನೆಂಟು. ಅದನ್ನು ಬರೆದವನು ನಾನು, ಕೋದಂಡಣ್ಣನಿಗೆ ಅಕ್ಷರ ಬರುತ್ತಿರಲಿಲ್ಲ. ನಾವೆಲ್ಲ ಆ ದಿನ ಶಿಳ್ಳೆ ಹೊಡೆದು ಕುಣಿದೆವು.

ಮೂರು ತಿಂಗಳಾದ ಮೇಲೆ, ಒಣಗಿಸುವ ಹೊಸ ಷೆಡ್ಡಿಗಾಗಿ ಯಜಮಾನರು ಸಾಲಕ್ಕೆ ಅರ್ಜಿ ಹಾಕಿದರು. ಸಾಲ ಕೊಡುವ ಸಂಸ್ಥೆಯ ಕೋಲಾರದ ಆಫೀಸಿನಿಂದ ಅಶ್ವತ್ಥಪ್ಪ ಎಂಬ ಅಧಿಕಾರಿ ಬಂದರು. ಅರ್ಥಶಾಸ್ತ್ರ ಓದಿದ ಹೊಸಬರು, ಒಳ್ಳೆಯ ಮನುಷ್ಯ. ನಾವು ಕೊಟ್ಟ ಎಳನೀರಿಗೂ ದುಡ್ಡು ಕೊಟ್ಟು ಕುಡಿದರು. ಅವರ ಕೈಯಲ್ಲಿ ಉದ್ದನೆಯ ಫಾರಂ ಇತ್ತು. ಅದರ ಏಳನೇ ಪ್ರಶ್ನೆ, ಯಂತ್ರದ ಸಾಮರ್ಥ್ಯ ಎಷ್ಟು. ಎಂಟನೇ ಪ್ರಶ್ನೆ, ನಿಜವಾಗಿ ಎಷ್ಟು ತಯಾರಾಗುತ್ತಿದೆ. ಇದನ್ನು ಅದರಿಂದ ಭಾಗಿಸಿ ಶೇಕಡಾ ಬರೆಯಲು ಪಕ್ಕದಲ್ಲೇ ಒಂದು ಚೌಕ.

ಆ ಹಳೆಯ ಪ್ರೆಸ್ಸಿನ ಮೇಲೆ ಕಂಪನಿಯ ತಗಡು ಎಂದೋ ಉದುರಿಹೋಗಿತ್ತು. ಸಾಮರ್ಥ್ಯ ಎಷ್ಟೆಂದು ಯಾರಿಗೂ ಗೊತ್ತಿಲ್ಲ. ಅಶ್ವತ್ಥಪ್ಪನವರು ಸುತ್ತ ನೋಡಿದರು. ಗೋಡೆ ಕಂಡಿತು.

"ಇದೇನು, ನಾಲ್ಕು ಸಾವಿರದ ನೂರ ಹದಿನೆಂಟು?"

ಕೋದಂಡಣ್ಣ ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡು ಮುಂದೆ ಬಂದ. "ಅದು ನಮ್ ಪ್ರೆಸ್ಸಿನ ತಾಕತ್ತು ಸಾರ್. ಒಂದೇ ದಿನ್ದಾಗೆ ಒತ್ತಿದ್ದು."

"ಒಂದೇ ಪ್ರೆಸ್ಸಿನಲ್ಲಿ?"

"ಹೂಂ ಸಾರ್, ಇದೇ ಪ್ರೆಸ್ಸು."

ಅಧಿಕಾರಿಗಳು ಬರೆದುಕೊಂಡರು. ಯಜಮಾನರು ಪಕ್ಕದಲ್ಲೇ ನಿಂತು ಮೀಸೆಯಡಿ ನಗುತ್ತಿದ್ದರು. ಕಾರ್ಖಾನೆ ದೊಡ್ಡದು ಎಂದು ಕಂಡಷ್ಟೂ ಸಾಲ ದೊಡ್ಡದು ಬರುತ್ತದೆ, ಗೂಡಿಗೆ ಸರ್ಕಾರ ಹಂಚುವ ಕಲ್ಲಿದ್ದಲೂ ಹೆಚ್ಚು ಸಿಗುತ್ತದೆ ಎಂಬುದು ಅವರ ಎಣಿಕೆ. ಆ ದಿನ ಎರಡು ಪ್ರೆಸ್ಸಿನ ಜನ ಒಂದರ ಮೇಲೆ ಬಿದ್ದಿದ್ದರು ಎಂದು ಯಾರೂ ಬಾಯಿ ಬಿಡಲಿಲ್ಲ. ಬಚ್ಚಿಡಬೇಕೆಂದಲ್ಲ. ಆಯುಧಪೂಜೆಯ ದಿನ ಎಲ್ಲರೂ ಒಂದೇ, ಅದನ್ನು ಬಿಡಿಸಿ ಹೇಳಬೇಕು ಎಂದು ನಮಗೆ ಹೊಳೆಯಲೇ ಇಲ್ಲ. ನನಗಂತೂ ಎದೆ ಉಬ್ಬಿತ್ತು. ಆ ಫಾರಂ ನಾನೇ ಮೂರು ಪ್ರತಿ ಟೈಪು ಮಾಡಿದೆ.

ಮೇ ತಿಂಗಳಲ್ಲಿ ಉತ್ತರ ಬಂತು. ಸಾಲ ಇಲ್ಲ. ಸಾಮರ್ಥ್ಯ ದಿನಕ್ಕೆ ಒಂದು ಪ್ರೆಸ್ಸಿಗೆ 4,118, ತಯಾರಿಕೆ 2,600, ಬಳಕೆ ಶೇಕಡಾ 63. ಇರುವುದನ್ನೇ ಪೂರ್ತಿ ಬಳಸದವರಿಗೆ ಹೊಸದು ಏಕೆ ಎಂದು ಸಭ್ಯವಾದ ಇಂಗ್ಲಿಷಿನಲ್ಲಿ ಬರೆದಿದ್ದರು.

ಯಜಮಾನರು ಆ ಕಾಗದವನ್ನು ಒಂದು ವಾರ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಇಷ್ಟು ವರ್ಷ ಅವರ ಕಣ್ಣಿಗೆ ಕಾಣದಿದ್ದ, ನೂರಕ್ಕೆ ಕಡಿಮೆಬಿದ್ದ ಮೂವತ್ತೇಳು ಈಗ ಎಲ್ಲೆಲ್ಲೂ ಕಾಣತೊಡಗಿತು. ಬೀಡಿ ಹಚ್ಚುವವನಲ್ಲಿ ಕಂಡಿತು, ನೀರು ಕುಡಿಯಲು ಹೋದವಳಲ್ಲಿ ಕಂಡಿತು. ಕೊನೆಗೆ ಲೆಕ್ಕ ಹಾಕಿದರು: ಒಂದು ಪ್ರೆಸ್ಸೇ ನಾಲ್ಕು ಸಾವಿರ ಕೊಡುತ್ತದೆ ಎಂದಾದರೆ ಎರಡು ಪ್ರೆಸ್ಸು ಇಟ್ಟುಕೊಂಡು ಐದು ಸಾವಿರದ ಇನ್ನೂರು ತೆಗೆಯುವವನು ಮೂರ್ಖ. ಜೂನ್ ಒಂದರಿಂದ ಎರಡನೇ ಪ್ರೆಸ್ಸು ನಿಂತಿತು. ಆಂಜಿನಪ್ಪ, ಮುನಿಯಲ್ಲಮ್ಮ, ಅವರ ಜೊತೆಯ ಏಳು ಜನ ಮನೆಗೆ ಹೋದರು.

ಕೋದಂಡಣ್ಣ ಆ ದಿನ ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಆಫೀಸಿನ ಕಿಟಕಿಗೆ ಬಂದು ನಿಂತು, "ನನ್ ಬಾಯಿಂದ ಬಂದಿದ್ದು ಸಾರ್" ಎಂದ. "ನಾನೇ ಅವನ ಅನ್ನ ಕಿತ್ಕೊಂಡೆ."

ಆಂಜಿನಪ್ಪನಿಗೆ ಕೆಲಸ ವಾಪಸ್ಸು ಸಿಗಬೇಕು. ಅಂದಿನಿಂದ ಅವನ ಬದುಕಿನಲ್ಲಿ ಉಳಿದದ್ದು ಇದೊಂದೇ. ಮನೆಯಲ್ಲಿ ರಾಮಲಕ್ಷ್ಮಮ್ಮ ಏನೂ ಅನ್ನುತ್ತಿರಲಿಲ್ಲವಂತೆ. ತಮ್ಮನ ಮಕ್ಕಳಿಗೆ ಬಡಿಸಿ, ಉಳಿದದ್ದನ್ನು ಗಂಡನ ತಟ್ಟೆಗೆ ಹಾಕಿ, ತಾನು ನೀರು ಕುಡಿದು ಏಳುತ್ತಿದ್ದಳು. ಆಕೆ ಬೈದಿದ್ದರೆ ವಾಸಿಯಿತ್ತು ಎಂದು ಕೋದಂಡಣ್ಣ ನನ್ನ ಹತ್ತಿರ ಹೇಳಿದ್ದ. ಆಂಜಿನಪ್ಪ ಇಟ್ಟಿಗೆ ಗೂಡುಗಳಲ್ಲಿ ಸಿಕ್ಕ ದಿನ ಕೂಲಿಗೆ ಹೋಗುತ್ತಿದ್ದ, ಸಿಗದ ದಿನ ಸುಮ್ಮನೆ ರೈಲ್ವೆ ಗೇಟಿನ ಹತ್ತಿರ ಕೂತಿರುತ್ತಿದ್ದ.

ಇತ್ತ ಒಂದನೇ ಪ್ರೆಸ್ಸಿನಿಂದ ಮೊದಲಿನ ಎರಡು ಸಾವಿರದ ಆರುನೂರೇ ಬರುತ್ತಿತ್ತು. ಯಜಮಾನರು ದಿನಾ ಸಂಜೆ ಬಂದು ಕೇಳುತ್ತಿದ್ದರು: "ಎಲ್ಲಯ್ಯಾ ಉಳಿದಿದ್ದು?"

ಆಗಸ್ಟಿನಲ್ಲಿ ಒಂದು ದಿನ ಕೋದಂಡಣ್ಣ ಒಗೆದ ಪಂಚೆ ಉಟ್ಟುಕೊಂಡು ಬಂದು, ತನ್ನನ್ನು ಕೋಲಾರಕ್ಕೆ ಕರೆದುಕೊಂಡು ಹೋಗಬೇಕೆಂದು ನನ್ನನ್ನು ಕೇಳಿದ. ಇಬ್ಬರೂ ಹುಷಾರಿಲ್ಲ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆವು. ಅಶ್ವತ್ಥಪ್ಪನವರು ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ಅವನು ಕುರ್ಚಿಯ ತುದಿಯಲ್ಲಿ ಕೂತು, ಆಯುಧಪೂಜೆಯ ಪದ್ಧತಿಯನ್ನೆಲ್ಲ ಬಿಡಿಸಿ ಹೇಳಿದ.

"ಅದು ನಿಜವೇ ಇರಬಹುದು. ಆದರೆ ಯಂತ್ರ ಅಷ್ಟು ಕೊಟ್ಟಿದ್ದಂತೂ ಹೌದಲ್ಲ?" ಎಂದರು ಅಶ್ವತ್ಥಪ್ಪನವರು. "ಜನ ಎಷ್ಟಿದ್ದರು ಅನ್ನೋದು ಬೇರೆ ಪ್ರಶ್ನೆ. ಒಂದು ದಿನ ಕೊಟ್ಟಿದೆ ಅಂದಮೇಲೆ ಕೊಡೋ ಶಕ್ತಿ ಅದಕ್ಕಿದೆ. ಎಲ್ಲಾ ಕಡೆ ಹೀಗೇ ಅಳೆಯೋದು. ಅತಿ ಹೆಚ್ಚು ತಯಾರಾದ ದಿನವೇ ಸಾಮರ್ಥ್ಯ. ಅದು ನೂರು ಅಂತಿಟ್ಟುಕೊಂಡರೆ, ನಿಮ್ಮದು ಅರವತ್ತಮೂರು. ಮೂವತ್ತೇಳು ಸುಮ್ಮನೆ ಬಿದ್ದಿದೆ."

"ಎಲ್ಲಿ ಬಿದ್ದದೆ ಸಾರ್?" ಕೋದಂಡಣ್ಣ ನಿಜವಾಗಿಯೂ ಕೇಳಿದ.

ಅಧಿಕಾರಿಗಳು ನಕ್ಕರು. ಅವನು ನಗಲಿಲ್ಲ. "ಸಾರ್, ಮದುವೆ ದಿನ ನಮ್ಮನೆಯೋಳು ನೂರು ಮುದ್ದೆ ಕಟ್ತಾಳೆ. ಅಕ್ಕಪಕ್ಕದೋರು ಬಂದು ಹಿಟ್ಟು ತೊಳಸಿ ಕೊಡ್ತಾರೆ, ಇವ್ಳು ಕಟ್ತಾಳೆ. ಮಾರನೇ ದಿನದಿಂದ ನಾಕು ಮುದ್ದೆ. ಹಂಗಂತ ದಿನಾ ತೊಂಬತ್ತಾರು ಮುದ್ದೆ ಕದ್ದಳು ಅಂತ ಬರೀತೀರಾ?" ಎಂದ.

ಅಶ್ವತ್ಥಪ್ಪನವರು ಪೆನ್ನು ಕೆಳಗಿಟ್ಟರು. ಆ ಮಾತು ಅವರಿಗೆ ನಾಟಿತ್ತು, ನಾನು ನೋಡಿದೆ. ಆದರೆ ಫಾರಂ ಅವರದಲ್ಲ. ಮೇಲಿನವರು ಬಾಯಿಮಾತನ್ನು ಒಪ್ಪುವುದಿಲ್ಲ, ಪ್ರೆಸ್ಸಿನ ಪಕ್ಕ ಮೂರು ದಿನ ತಾವೇ ಗಡಿಯಾರ ಹಿಡಿದು ಕೂತು ನೋಡಬಹುದು, ಬಂದ ಸಂಖ್ಯೆಯನ್ನು ಹೊಸ ಸಾಮರ್ಥ್ಯ ಎಂದು ಶಿಫಾರಸು ಮಾಡಬಹುದು ಎಂದರು. ಎರಡು ಸಾವಿರದ ಆರುನೂರೇ ಪೂರ್ತಿ ಎಂದು ಕಾಗದದಲ್ಲಿ ಬಂದರೆ ಎರಡನೇ ಪ್ರೆಸ್ಸು ಬೇಕೇಬೇಕಾಗುತ್ತದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೋದಂಡಣ್ಣ ಕಡಲೆಕಾಯಿ ಕೊಂಡು ನನಗೂ ಕೊಟ್ಟ. ಅಷ್ಟು ಸಂತೋಷದಲ್ಲಿ ಅವನನ್ನು ನಾನು ಮತ್ತೆ ನೋಡಲಿಲ್ಲ.

ನವೆಂಬರಿನಲ್ಲಿ ಆ ಮೂರು ದಿನ ಬಂದವು. ಅಶ್ವತ್ಥಪ್ಪನವರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಕೂತರು. ಯಜಮಾನರು ಅವರ ಹಿಂದೆ. ಮೊದಲ ದಿನ ಬೆಳಿಗ್ಗೆ ಕೋದಂಡಣ್ಣ ತನ್ನ ಜನರಿಗೆ ಹೇಳಿದ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ.

"ಸಾಹೇಬ್ರು ಅವ್ರೆ ಅಂತ ಯಾರೂ ಎಗರಾಡ್ಬೇಡಿ. ಆಂಜಿಗೆ ಕೆಲ್ಸ ಸಿಗ್ಲಿ ಅಂತ ಕೈ ತಡೀಲೂಬೇಡಿ. ದಿನಾ ಹೆಂಗೋ ಹಂಗೆ. ಸತ್ಯಕ್ಕೆ ಮೋಸ ಮಾಡ್ಬಾರ್ದು."

ಆಂಜಿನಪ್ಪ ಮೂರು ದಿನವೂ ಗೇಟಿನ ಹೊರಗೆ ನಿಂತಿದ್ದ. ಮೊದಲ ದಿನ 2,612. ಎರಡನೇ ದಿನ 2,590. ಮೂರನೇ ದಿನ 2,604.

ಸಂಖ್ಯೆ ನೋಡಿ ನಾನು ಗೆದ್ದೆವು ಎಂದುಕೊಂಡೆ. ಅಶ್ವತ್ಥಪ್ಪನವರ ಹುಬ್ಬು ಗಂಟಿಕ್ಕಿತು. ಮೂರು ದಿನವೂ ಇಷ್ಟು ಸಮ ಹೇಗೆ ಎಂದರು. ಮನುಷ್ಯನ ಕೆಲಸ ಒಂದು ದಿನ ಏರಬೇಕು, ಒಂದು ದಿನ ಇಳಿಯಬೇಕು. ಇಷ್ಟು ಸಮನಾಗಿ ಬಂದರೆ ಯಾರೋ ಎಣಿಸಿಕೊಂಡು ನಿಲ್ಲಿಸಿದ್ದಾರೆ ಎಂದು ಅರ್ಥ ಎಂದರು. ಆಗ ಯಜಮಾನರು ಬಾಯಿ ಹಾಕಿದರು: "ನಿಂತುಹೋದ ಪ್ರೆಸ್ಸಿನ ಮೇಸ್ತ್ರಿ ಇವನ ಬಾಮೈದ ಸಾರ್."

ಮುಗಿಯಿತು. ಹನ್ನೆರಡು ವರ್ಷ ಒಂದೇ ಚಕ್ರ ಎಳೆದವನ ಕೈ ಸಮವಾಗಿ ಓಡದೆ ಇನ್ನು ಹೇಗೆ ಓಡುತ್ತದೆ ಎಂದು ನಾನು ಹೇಳಬೇಕಿತ್ತು. ಯಜಮಾನರು ನನ್ನ ಕಡೆ ನೋಡಿದರು, ನಾನು ಕಾಗದ ಜೋಡಿಸಿದೆ. ವರದಿಯ ಕೊನೆಯ ಸಾಲುಗಳನ್ನು ಅಶ್ವತ್ಥಪ್ಪನವರು ಹೇಳುತ್ತ ಹೋದರು, ನಾನು ಟೈಪು ಮಾಡುತ್ತ ಹೋದೆ. ಯಂತ್ರದಲ್ಲಿ ದೋಷ ಕಾಣುವುದಿಲ್ಲ. ಕೊರತೆ ಕೆಲಸಗಾರನ ವೇಗದಿಂದ ಉಂಟಾದದ್ದು. ಸಾಮರ್ಥ್ಯ 4,118 ಎಂದೇ ಉಳಿಯಿತು.

ಮಾರನೆಯ ದಿನ ಯಜಮಾನರು ಆಂಜಿನಪ್ಪನನ್ನು ಒಳಗೆ ಕರೆಸಿದರು. ಒಂದನೇ ಪ್ರೆಸ್ಸು ನಿನ್ನದು, ಮೂರು ಸಾವಿರದ ನಾಲ್ಕುನೂರಕ್ಕೆ ಒಂದು ಕಡಿಮೆಯಾದರೂ ಬಂದ ದಾರಿ ಹಿಡಿ ಎಂದರು. ಆಂಜಿನಪ್ಪ ಹೊರಗೆ ಬಂದು ಕೋದಂಡಣ್ಣನ ಎದುರು ನಿಂತ. ಆ ಮನೆಯವರೆಲ್ಲ ದುಃಖಕ್ಕೂ ಸಿಟ್ಟಿಗೂ ತೆಲುಗಿಗೆ ಹೊರಳುತ್ತಿದ್ದರು.

"ಏಮ್ ಚೇಯಾಲಿ ಬಾವಾ?" ಏನು ಮಾಡಲಿ ಎಂದ.

"ಹಿಡ್ಕೊಳೋ" ಎಂದ ಕೋದಂಡಣ್ಣ. "ನಿಂಗೆ ಸಿಗ್ಲಿ ಅಂತ ತಾನೇ ಇಷ್ಟೆಲ್ಲಾ. ಮಕ್ಳವೆ. ಹಿಡ್ಕೊ."

ಕೋದಂಡಣ್ಣನನ್ನು ಗೂಡಿನ ಹಿಂದಿನ ಅಂಗಳಕ್ಕೆ ಹಾಕಿದರು. ಸುಟ್ಟು ಹೊರಬಂದ ಹೆಂಚನ್ನು ಬೆರಳಿನಿಂದ ತಟ್ಟಿ ನೋಡಿ, ಸೀಳಿದ್ದನ್ನು ಬೇರೆ ಮಾಡುವ ಕೆಲಸ, ದಿನಗೂಲಿ. ಸಾಮಾನ್ಯವಾಗಿ ಮುದುಕಿಯರು ಮಾಡುತ್ತಿದ್ದ ಕೆಲಸ ಅದು.

ಆಂಜಿನಪ್ಪ ಮೂರು ಸಾವಿರದ ನಾಲ್ಕುನೂರು ಮಾಡಿದ. ಎರಡು ಒತ್ತಿನ ಬದಲು ಒಂದು. ಮಣ್ಣನ್ನು ಒಂದು ದಿನ ಹದಕ್ಕೆ ಬಿಡುತ್ತಿದ್ದದ್ದು ಎರಡು ಗಂಟೆಗೆ ಇಳಿಯಿತು. ಅಂಚು ಕೆರೆದರೆ ಕೆರೆದ, ಬಿಟ್ಟರೆ ಬಿಟ್ಟ. ಎಣಿಸುವುದು ಪ್ರೆಸ್ಸಿನಿಂದ ಹೊರಬಂದಾಗ, ಗೂಡಿನಿಂದ ಹೊರಬಂದಾಗ ಅಲ್ಲ. ಫಾರಮಿನಲ್ಲಿ ಒಡೆದದ್ದಕ್ಕೆ ಚೌಕ ಇರಲಿಲ್ಲ. ಬಳಕೆ ಶೇಕಡಾ 82 ಎಂದು ನಾನು ಟೈಪು ಮಾಡಿ ಕಳಿಸಿದೆ. ಮುಂದಿನ ತಿಂಗಳೇ ಸಾಲ ಮಂಜೂರಾಯಿತು, ಆದರೆ ಪ್ರತಿ ಮೂರು ತಿಂಗಳಿಗೂ ಶೇಕಡಾ ಎಂಬತ್ತಕ್ಕಿಂತ ಕೆಳಗೆ ಇಳಿಯಬಾರದು ಎಂಬ ಷರತ್ತಿನ ಮೇಲೆ.

ಇತ್ತ ಅಂಗಳದಲ್ಲಿ ನೂರಕ್ಕೆ ಮೂವತ್ತೈದು ಹೆಂಚು ಸೀಳಿ ಬರುತ್ತಿತ್ತು. ಕೋದಂಡಣ್ಣ ಒಂದೊಂದನ್ನೂ ತಟ್ಟಿ, ಸದ್ದು ಕೇಳಿ, ಪಕ್ಕಕ್ಕೆ ಎಸೆಯುತ್ತಿದ್ದ. ಒಡೆದ ಹೆಂಚಿನ ರಾಶಿ ಕಾಂಪೌಂಡು ಗೋಡೆಯ ಎತ್ತರಕ್ಕೆ ಬೆಳೆಯಿತು. ಯಜಮಾನರು ಮಣ್ಣು ಸರಿಯಿಲ್ಲ ಎಂದರು, ಕಲ್ಲಿದ್ದಲು ಸರಿಯಿಲ್ಲ ಎಂದರು. ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ಎಂಬತ್ತೆರಡನ್ನು ಬಿಟ್ಟರೆ ಸಾಲ ಕೈಬಿಡುತ್ತದೆ.

1980ರಲ್ಲಿ ಒಂದು ಮಧ್ಯಾಹ್ನ ನನಗೆ ತಡೆಯಲಾಗದೆ ಲೆಕ್ಕ ಹಾಕಿದೆ. ಕೋದಂಡಣ್ಣನ ಕಾಲದಲ್ಲಿ 2,600 ಒತ್ತಿದರೆ ಸುಟ್ಟ ಮೇಲೆ ಒಳ್ಳೆಯದು 2,444 ಉಳಿಯುತ್ತಿತ್ತು. ಈಗ 3,400 ಒತ್ತಿದರೆ 2,210. ಶೇಕಡಾ ಏರಿದೆ, ಹೆಂಚು ಕಡಿಮೆಯಾಗಿದೆ. ಒಂದು ಹಾಳೆಯಲ್ಲಿ ಬರೆದುಕೊಂಡು ಯಜಮಾನರ ಕೋಣೆಯ ಬಾಗಿಲವರೆಗೆ ಹೋದೆ. ಒಳಗೆ ಅವರು ಫೋನಿನಲ್ಲಿ ಯಾರಿಗೋ ಎಂಬತ್ತೆರಡರ ವಿಷಯ ಹೇಳಿ ನಗುತ್ತಿದ್ದರು. ನನಗೆ ಆಗಷ್ಟೇ ಮದುವೆಯಾಗಿತ್ತು. ಹಾಳೆ ಮಡಿಸಿ ಡ್ರಾಯರಿಗೆ ಹಾಕಿ ಟೀ ಕುಡಿಯಲು ಹೋದೆ. ನನ್ನ ಮುಂಗೋಪ ಎಂಥ ಪುಕ್ಕಲು ಮುಂಗೋಪ ಎಂದು ನನಗೆ ಅಂದೇ ಗೊತ್ತಾಯಿತು.

ಕೋದಂಡಣ್ಣ ಬೇರೆ ದಾರಿ ಹಿಡಿದ. ಒಂದು ಸೀಳಿದ ಹೆಂಚು ತೆಗೆದುಕೊಂಡು ಪ್ರೆಸ್ಸಿನ ಹತ್ತಿರ ಹೋಗಿ ಬಾಮೈದನಿಗೆ ತೋರಿಸಿದ.

"ಆಂಜಿ, ಗಾಳಿ ಸಿಕ್ಕೊಂಡೈತೆ ನೋಡೋ. ಇನ್ನೊಂದು ಒತ್ತು ಹಾಕೋ. ಕಾರ್ಖಾನೆನೇ ಹೋಗ್ತದೆ."

ಆಂಜಿನಪ್ಪ ಚಕ್ರ ಬಿಡಲಿಲ್ಲ. ಅವನು ಆ ಎರಡು ವರ್ಷದಲ್ಲಿ ಒಣಗಿ ಕಡ್ಡಿಯಾಗಿದ್ದ, ಕಣ್ಣು ಒಳಕ್ಕೆ ಹೋಗಿತ್ತು. "ಎರಡು ಒತ್ತಿದ್ರೆ ಎರಡು ಸಾವಿರದ ಆರ್ನೂರು. ನಾಳೆ ನನ್ನೂ ಕಳಿಸ್ತಾರೆ. ಇಬ್ರೂ ಹಿಂದ್ಗಡೆ ಕೂತ್ಕೊಂಡು ಹೆಂಚು ತಟ್ಟೋಣ್ವಾ ಬಾವಾ?"

"ಹಂಗಲ್ವೋ..."

"ಇನ್ನೇನು? ನೀವು ಹನ್ನೆರಡು ವರ್ಷ ಆರಾಮಾಗಿ ಮಾಡ್ಕೊಂಡು ಹೋದ್ರಿ. ಪ್ರೆಸ್ಸು ಎಷ್ಟು ಕೊಡ್ತದೆ ಅಂತ ನಾನು ಹಿಡಿದ್ಮೇಲೆ ಗೊತ್ತಾಯ್ತು. ನೀವು ಮೊದ್ಲಿಂದ ಹಿಂಗೆ ಮಾಡಿದ್ದಿದ್ರೆ ನನ್ ಪ್ರೆಸ್ಸು ಯಾಕೆ ನಿಲ್ತಿತ್ತು?"

ಎಲ್ಲರೂ ಕೇಳಿಸಿಕೊಂಡರು. ಆಯುಧಪೂಜೆಯ ದಿನ ಅದೇ ಚಕ್ರಕ್ಕೆ ಭಾವನ ಜೊತೆ ಕೈ ಕೊಟ್ಟವನು, ಸತ್ಯ ಏನೆಂದು ಬಲ್ಲವನು ಅವನು. ದಿನಾ ಮೂರು ಸಾವಿರದ ನಾಲ್ಕುನೂರು ಸಲ ಒಂದೇ ಒತ್ತು ಹಾಕಿ ಹಾಕಿ, ಅದೇ ಸರಿ ಎಂದು ನಂಬದಿದ್ದರೆ ಅವನಿಗೆ ಬದುಕುವುದು ಆಗುತ್ತಿರಲಿಲ್ಲವೇನೋ. ನಾನು ಅವನನ್ನು ಕ್ಷಮಿಸಿದ್ದೇನೆ, ನನ್ನನ್ನು ಕ್ಷಮಿಸಿಕೊಳ್ಳುವುದಕ್ಕಿಂತ ಅದು ಸುಲಭ. ಕೋದಂಡಣ್ಣ ಕೈಯಲ್ಲಿದ್ದ ಹೆಂಚನ್ನು ಮೆಲ್ಲಗೆ ನೆಲದ ಮೇಲಿಟ್ಟು ಅಂಗಳಕ್ಕೆ ಹೋದ. ಆಮೇಲೆ ಭಾವ ಬಾಮೈದ ಒಬ್ಬರಿಗೊಬ್ಬರು ಮಾತಾಡಿದ್ದನ್ನು ನಾನು ಕಾಣೆ. ಮಕ್ಕಳು ಆ ಮನೆಗೆ ಊಟಕ್ಕೆ ಬರುವುದು ನಿಂತಿತು.

1982ರ ಬೇಸಿಗೆಯಲ್ಲಿ ಕಾರ್ಖಾನೆ ಮುಚ್ಚಿತು. ಹೆಂಚು ಮಳೆಗೆ ಸೋರುತ್ತದೆ ಎಂದು ಮಂಡಿಯವರು ಲಾರಿ ಲಾರಿ ವಾಪಸ್ಸು ಕಳಿಸಿದ್ದರು. ಕೊನೆಯ ತ್ರೈಮಾಸಿಕದ ವರದಿಯಲ್ಲಿಯೂ ಸಾಮರ್ಥ್ಯ ಬಳಕೆ ಶೇಕಡಾ 83 ಎಂದಿತ್ತು. ನಾನು ಸಹಿ ಹಾಕಿಸಲು ಹೋದಾಗ ಯಜಮಾನರು ಓದದೆ ಸಹಿ ಮಾಡಿದರು. ಆಂಜಿನಪ್ಪ, ಮುನಿಯಲ್ಲಮ್ಮ, ಆ ಇಬ್ಬರು ಹೆಣ್ಣುಮಕ್ಕಳು ಆಂಧ್ರದ ಕಡೆಯ ಯಾವುದೋ ಇಟ್ಟಿಗೆ ಗೂಡಿಗೆ ಮೇಸ್ತ್ರಿಯೊಬ್ಬನ ಹಿಂದೆ ಹೊರಟುಹೋದರು. ಹೋಗುವ ದಿನ ಅಕ್ಕನ ಮನೆಗೆ ಹೇಳಿ ಹೋಗಲೂ ಬರಲಿಲ್ಲ. ರಾಮಲಕ್ಷ್ಮಮ್ಮ ವಿಷಯ ತಿಳಿದು ಓಡೋಡಿ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತಂತೆ. ಒಂದು ಕಾಗದವೂ ಬರಲಿಲ್ಲ.

ನಾನು ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ ಕಾಗದ ಪತ್ರ ಬರೆಯುವ ಕೆಲಸಕ್ಕೆ ಸೇರಿಕೊಂಡೆ. ನನ್ನಂಥವರಿಗೆ ಎಲ್ಲಾದರೂ ಒಂದು ಕುರ್ಚಿ ಸಿಗುತ್ತದೆ.

1985ರ ಮಾಘದಲ್ಲಿ, ಕೋದಂಡಣ್ಣನಿಗೆ ಮೈಗೆ ಸರಿಯಿಲ್ಲ, ಯಾರ ಜೊತೆಯೂ ಮಾತಾಡುವುದಿಲ್ಲ ಎಂದು ಮಾಲೂರಿನವರೊಬ್ಬರು ಹೇಳಿದರು. ಲಕ್ಕೂರಿಗೆ ಹೋದೆ. ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ನನ್ನನ್ನು ನೋಡಿ ಏಳಲು ಹೋದ, ನಾನೇ ಹಿಡಿದು ಕೂರಿಸಿದೆ. ರಾಮಲಕ್ಷ್ಮಮ್ಮ ಬೆಲ್ಲದ ಕಾಫಿ ತಂದುಕೊಟ್ಟು ಒಳಗೆ ಹೋದಳು.

"ಸಾರ್, ಒಂದ್ ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬಾರ್ದು."

"ಕೇಳಣ್ಣ."

"ನಾನು ಪೂರ್ತಿ ಕೆಲ್ಸ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ. ಸಾಹೇಬ್ರು ಅಲ್ಲ ಅಂದ್ರು. ಯಜಮಾನ್ರು ಅಲ್ಲ ಅಂದ್ರು. ಅವ್ರು ಹೊರಗಿನೋರು, ಬಿಡಿ. ಆಂಜಿನೂ ಅಂದ. ಅಷ್ಟು ಜನ ಸುಳ್ಳು ಹೇಳ್ತಾರಾ ಸಾರ್? ಇಲ್ಲಿ ಕೂತು ಕೂತು ಯೋಚ್ನೆ ಮಾಡ್ತೀನಿ. ಎಲ್ಲೋ ನನ್ ಕೈ ನಂಗೇ ಗೊತ್ತಿಲ್ದಂಗೆ ತಡೀತಿತ್ತೇನೋ. ಸೋಮಾರಿತನ ಮಾಡ್ದೆನೇನೋ. ನಾನು ಇನ್ನೊಂಚೂರು ಎಳ್ದಿದ್ರೆ ಅವನ ಕೆಲ್ಸ ಹೋಗ್ತಿರ್ಲಿಲ್ಲ. ಆ ಮಕ್ಳು ಇಲ್ಲೇ ಇರ್ತಿದ್ವು."

ನನಗೆ ತಲೆ ಕೆಟ್ಟುಹೋಯಿತು. ಅವನ ಮೇಲೆ ರೇಗಿದೆ. ಎಂಥ ಮಾತು ಆಡ್ತೀಯಣ್ಣ, ಬುದ್ಧಿ ಇದೆಯಾ ನಿನಗೆ ಎಂದು ಕೂಗಿದೆ. ಜೇಬಿನಿಂದ ಪೆನ್ನು ತೆಗೆದು, ಬಸ್ಸಿನಲ್ಲಿ ಸಿಕ್ಕಿದ್ದ ಕರಪತ್ರದ ಹಿಂಬದಿಯಲ್ಲಿ ಬರೆದು ತೋರಿಸಿದೆ. ಅವನಿಗೆ ಓದಲು ಬರುವುದಿಲ್ಲವೆಂಬುದು ಆ ಸಿಟ್ಟಿನಲ್ಲಿ ಮರೆತೇ ಹೋಗಿತ್ತು. ಬಾಯಲ್ಲೇ ಹೇಳಿದೆ. ನಿನ್ನ ಕಾಲದಲ್ಲಿ ದಿನಕ್ಕೆ ಎರಡು ಸಾವಿರದ ನಾನೂರ ನಲವತ್ತನಾಲ್ಕು ಒಳ್ಳೆಯ ಹೆಂಚು ಮನೆ ಸೇರುತ್ತಿತ್ತು. ಆಂಜಿನಪ್ಪನ ಕಾಲದಲ್ಲಿ ಎರಡು ಸಾವಿರದ ಇನ್ನೂರ ಹತ್ತು. ಆ ಇಡೀ ಕಾರ್ಖಾನೆಯಲ್ಲಿ ಪೂರ್ತಿ ಕೆಲಸ ಮಾಡಿದವನು ನೀನೊಬ್ಬನೇ. ನಿನಗಿಂತ ಹೆಚ್ಚು ಆ ಪ್ರೆಸ್ಸಿನಿಂದ ಯಾರೂ ತೆಗೆದಿಲ್ಲ, ತೆಗೆಯೋಕೂ ಆಗೋದಿಲ್ಲ. ನಾನು 1980ರಲ್ಲೇ ಲೆಕ್ಕ ಹಾಕಿ ನೋಡಿದ್ದೇನೆ.

ಅವನು ತಲೆ ಬಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಎರಡೂ ಸಂಖ್ಯೆಯನ್ನು ಇನ್ನೊಮ್ಮೆ ಹೇಳಿಸಿಕೊಂಡ. ತುಟಿಯಲ್ಲೇ ಎಣಿಸಿದ. ಮುಖ ಒಂದು ಕ್ಷಣ ಸಡಿಲವಾಯಿತು. ಆಮೇಲೆ ನನ್ನ ಕಡೆ ತಿರುಗಿದ.

"ಎಂಬತ್ರಲ್ಲೇ ಗೊತ್ತಿತ್ತಾ ಸಾರ್?"

"ಹೂಂ."

"ಆಗ್ಲೇ ಇದನ್ನ ಟೈಪ್ ಮಾಡಿದ್ರೆ ಆಗ್ತಿತ್ತಲ್ಲ ಸಾರ್."

ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ನನ್ನ ಕೈಯಲ್ಲಿದ್ದ ಲೋಟದಲ್ಲಿ ಕಾಫಿ ಆರಿಹೋಗಿತ್ತು. ರಾಮಲಕ್ಷ್ಮಮ್ಮ ಹೊರಗೆ ಬಂದು ಲೋಟ ತೆಗೆದುಕೊಂಡು, ಬಿಸಿ ಮಾಡಿ ತರುತ್ತೇನೆ ಎಂದು ಒಳಗೆ ಹೋದಳು.